ಪದಬಂಧ, ಪೊಲೀಸು ಮತ್ತು ಪುಸ್ತಕದ ಬಹುಮಾನ

ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಸಂಘದ ವಾರ್ಷಿಕೋತ್ಸವ ಹೊಸದಲ್ಲ. ಅಲ್ಲಿ ರಸಪ್ರಶ್ನೆಯೋ ಒಗಟೋ ಪದಬಂಧವೋ ಯಾವುದಾದರೊಂದು ಸ್ಪರ್ಧೆ ಇದ್ದೇ ಇರುತ್ತದೆ. ಗೆದ್ದವರ ಕೈಗೆ ಸಾಮಾನ್ಯವಾಗಿ ಒಂದು ಪುಸ್ತಕ ಬರುತ್ತದೆ. ಹಣದ ಲಕೋಟೆ ಬರುವುದು ಅಪರೂಪ. ಇದನ್ನು ಸಂಘದ ಬಡತನವೆಂದು ನಗೆಯಾಡುವವರುಂಟು. ಸಾಹಿತ್ಯಪ್ರೇಮವೆಂದು ಹೊಗಳುವವರೂ ಉಂಟು. ಆದರೆ ಪದಗಳ ಒಗಟಿಗೆ ಯಾವ ಬಹುಮಾನ ಸಲ್ಲಬೇಕೆಂಬ ಪ್ರಶ್ನೆ ಒಂದು ಕಾಲದಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತ್ತು. ಆ ವ್ಯಾಜ್ಯದ ಒಂದು ತುದಿ ಬೆಂಗಳೂರಿನಲ್ಲಿತ್ತು, ಇನ್ನೊಂದು ತುದಿ ನಾವಿಂದು ವಾಸಿಸುವ ಈ ಸೀಮೆಯಲ್ಲಿತ್ತು. ಆದ್ದರಿಂದ ಹೊರನಾಡ ಕನ್ನಡಿಗರಾದ ನಮಗೆ ಇದು ಎರಡು ಬಗೆಯಲ್ಲಿ ಮನೆಯ ಕಥೆ.

ಪದಬಂಧದ ಇಂದಿನ ರೂಪ ಹಳೆಯದೇನಲ್ಲ. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕೃತಿಯ ಚೌಕಳಿಯೊಂದನ್ನು ಪ್ರಕಟಿಸಿದ. ಹನ್ನೊಂದು ವರ್ಷಗಳ ಮೇಲೆ, 1924ರಲ್ಲಿ, ಸೈಮನ್ ಮತ್ತು ಶುಸ್ಟರ್ ಎಂಬಿಬ್ಬರು ಹೊಸದಾಗಿ ತೆರೆದ ಪ್ರಕಾಶನ ಸಂಸ್ಥೆಯ ಮೊದಲ ಪುಸ್ತಕವಾಗಿ ಪದಬಂಧಗಳ ಸಂಕಲನವೇ ಹೊರಬಂತು; ಕೊಂಡವರಿಗೆ ಜೊತೆಯಲ್ಲೊಂದು ಪೆನ್ಸಿಲೂ ಸಿಗುತ್ತಿತ್ತು. ಪುಸ್ತಕಕ್ಕೂ ಪದಬಂಧಕ್ಕೂ ನಂಟು ಬೆಳೆದದ್ದು ಹೀಗೆ. ಹಣದೊಡನೆ ನಂಟು ಬೆಳೆದ ಬಗೆ ಬೇರೆ. ಪತ್ರಿಕೆಯ ಪ್ರಸಾರ ಹೆಚ್ಚಿಸಲು ಬಹುಮಾನ, ಬಹುಮಾನ ತುಂಬಿಕೊಡಲು ಪ್ರವೇಶ ಶುಲ್ಕ, ಶುಲ್ಕ ಹೆಚ್ಚಲು ಇನ್ನೂ ದೊಡ್ಡ ಬಹುಮಾನ ಎಂಬ ಚಕ್ರ ಒಮ್ಮೆ ತಿರುಗತೊಡಗಿದ ಮೇಲೆ ಒಗಟು ಹಿಂದೆ ಸರಿಯಿತು, ಹಣ ಮುಂದೆ ಬಂತು.

ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಈ ಚಕ್ರ ಜೋರಾಗಿ ತಿರುಗುತ್ತಿತ್ತು. ಆಗಿನ ಮುಂಬಯಿ ಸರ್ಕಾರ 1948ರಲ್ಲಿ ಲಾಟರಿ ಹಾಗೂ ಬಹುಮಾನ ಸ್ಪರ್ಧೆಗಳನ್ನು ನಿಯಂತ್ರಿಸಿ ತೆರಿಗೆ ವಿಧಿಸುವ ಕಾಯ್ದೆಯನ್ನು ತಂದಿತು. ಸ್ಪರ್ಧೆ ನಡೆಸುವವರು ಪರವಾನಗಿ ಪಡೆಯಬೇಕು, ತೆರಿಗೆ ಕಟ್ಟಬೇಕು. ಆದರೆ ಕಾಯ್ದೆಗೊಂದು ಕಿಂಡಿಯಿತ್ತು. ಪತ್ರಿಕೆ ಮುಂಬಯಿ ಪ್ರಾಂತದ ಹೊರಗೆ ಅಚ್ಚಾಗಿ ಒಳಗೆ ಮಾರಾಟವಾದರೆ ಏನು ಮಾಡುವುದು?

ಆ ಕಿಂಡಿಯ ಆಚೆ ಇದ್ದದ್ದು ಬೆಂಗಳೂರು. ಆರ್.ಎಂ.ಡಿ. ಚಾಮರ್‌ಬಾಗ್‌ವಾಲಾ ಎಂಬ ಉದ್ಯಮಿ ಮೈಸೂರು ರಾಜ್ಯದ ಕಾನೂನಿನಡಿ ‘ಆರ್.ಎಂ.ಡಿ.ಸಿ. (ಮೈಸೂರು) ಲಿಮಿಟೆಡ್’ ಎಂಬ ಕಂಪನಿಯನ್ನು ಸ್ಥಾಪಿಸಿದ್ದರು. ಕಂಪನಿಯ ಪದಬಂಧ ಸ್ಪರ್ಧೆ ‘ಸ್ಪೋರ್ಟಿಂಗ್ ಸ್ಟಾರ್’ ಎಂಬ ವಾರಪತ್ರಿಕೆಯ ಮೂಲಕ ನಡೆಯುತ್ತಿತ್ತು. ಪತ್ರಿಕೆ ಅಚ್ಚಾಗುತ್ತಿದ್ದುದು, ಪ್ರಕಟವಾಗುತ್ತಿದ್ದುದು ಬೆಂಗಳೂರಿನಲ್ಲಿ. ಓದುಗರು ಮುಂಬಯಿ ರಾಜ್ಯದಲ್ಲೂ ದೊಡ್ಡ ಸಂಖ್ಯೆಯಲ್ಲಿದ್ದರು. ಪ್ರವೇಶಪತ್ರ ಪತ್ರಿಕೆಯೊಳಗೇ ಇರುತ್ತಿತ್ತು. ತುಂಬಿದ ಪತ್ರಗಳನ್ನೂ ಶುಲ್ಕವನ್ನೂ ಸ್ವೀಕರಿಸಲು ಮುಂಬಯಿ ರಾಜ್ಯದಲ್ಲಿ ಸಂಗ್ರಹ ಕೇಂದ್ರಗಳಿದ್ದವು. 1952ರಲ್ಲಿ ಮುಂಬಯಿ ಶಾಸನಸಭೆ ಕಾಯ್ದೆಗೆ ತಿದ್ದುಪಡಿ ಮಾಡಿ, ಹೊರಗೆ ಅಚ್ಚಾಗುವ ಪತ್ರಿಕೆಗಳ ಸ್ಪರ್ಧೆಗಳನ್ನೂ ತೆರಿಗೆಯ ವ್ಯಾಪ್ತಿಗೆ ತಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಮುಂಬಯಿ ಹೈಕೋರ್ಟಿನ ಮೊರೆಹೊಕ್ಕಿತು.

ಇಲ್ಲಿ ಆ ಕಾಲದ ಭೂಪಟವನ್ನು ಒಮ್ಮೆ ನೆನೆಯಬೇಕು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಬಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಥಾಣೆ ಜಿಲ್ಲೆಯಂತೆಯೇ ಮುಂಬಯಿ ರಾಜ್ಯದ ಭಾಗಗಳಾಗಿದ್ದವು. ಧಾರವಾಡದ ಓದುಗನೂ ಕಲ್ಯಾಣದ ಓದುಗನೂ ಒಂದೇ ಕಾಯ್ದೆಯ ಅಧೀನರು. ಬೆಂಗಳೂರಿನವನು ಇನ್ನೊಂದರ ಅಧೀನ. ದಕ್ಷಿಣ ಕನ್ನಡ ಮದ್ರಾಸಿನಲ್ಲಿತ್ತು. ಕಲಬುರ್ಗಿ, ರಾಯಚೂರು, ಬೀದರ್ ಹೈದರಾಬಾದಿನಲ್ಲಿದ್ದವು. 1955ರಲ್ಲಿ ಸಂಸತ್ತು ಹಲವು ರಾಜ್ಯಗಳ ಕೋರಿಕೆಯಂತೆ ‘ಬಹುಮಾನ ಸ್ಪರ್ಧೆಗಳ ಕಾಯ್ದೆ’ಯನ್ನು ರೂಪಿಸಿದಾಗ ಕೋರಿಕೆ ಸಲ್ಲಿಸಿದವುಗಳಲ್ಲಿ ಮುಂಬಯಿ, ಮದ್ರಾಸು, ಹೈದರಾಬಾದು ಮೂರೂ ಇದ್ದವು. ಪತ್ರಿಕೆ ಅಚ್ಚಾಗುತ್ತಿದ್ದ ಮೈಸೂರು ಮಾತ್ರ ಮೊದಲ ಪಟ್ಟಿಯಲ್ಲಿರಲಿಲ್ಲ. ಅದು ಆಮೇಲೆ ಒಪ್ಪಿ ಸೇರಿಕೊಂಡಿತು. ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡಿನಲ್ಲಿ ಒಂದೇ ಒಗಟು ಒಂದು ಕಡೆ ಸರಾಗವಾಗಿಯೂ ಇನ್ನೊಂದು ಕಡೆ ಅಪರಾಧವಾಗಿಯೂ ಇರಬಹುದಾಗಿತ್ತು.

1955ರ ಕಾಯ್ದೆ ಮುಂಬಯಿಯ ಹಳೆಯ ಕಾಯ್ದೆಗಿಂತ ಕಠಿಣವಾಗಿತ್ತು. ಅಕ್ಷರ, ಪದ ಅಥವಾ ಅಂಕಿಗಳ ಜೋಡಣೆಯನ್ನು ಆಧರಿಸಿದ ಯಾವುದೇ ಒಗಟಿಗೆ ಬಹುಮಾನವಿಟ್ಟರೆ ಅದು ಬಹುಮಾನ ಸ್ಪರ್ಧೆ. ತಿಂಗಳೊಂದರಲ್ಲಿ ಬಹುಮಾನಗಳ ಒಟ್ಟು ಮೌಲ್ಯ 1,000 ರೂಪಾಯಿಯನ್ನು ಮೀರಕೂಡದು. ಪ್ರವೇಶಪತ್ರಗಳು 2,000ವನ್ನು ದಾಟಕೂಡದು. ಆ ಮಿತಿಯೊಳಗಿನ ಸ್ಪರ್ಧೆಗೂ ಪರವಾನಗಿ ಬೇಕು. ಸರ್ಕಾರದಿಂದ ಅಧಿಕಾರ ಪಡೆದವರು ಶಂಕೆಯಿದ್ದ ಜಾಗವನ್ನು ಹೊಕ್ಕು ಶೋಧಿಸಿ ಕಾಗದಪತ್ರಗಳನ್ನು ವಶಪಡಿಸಿಕೊಳ್ಳಬಹುದು. ಬಹುಮಾನ ನಗದಾಗಿರಲಿ, ಬೇರೆ ರೂಪದ್ದಾಗಿರಲಿ ಲೆಕ್ಕಕ್ಕೆ ಬರುತ್ತದೆಂದು ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು. ಅಕ್ಷರಶಃ ಓದಿದರೆ ಸಂಘವೊಂದು ಪದಬಂಧಕ್ಕೆ ಪುಸ್ತಕವನ್ನು ಇಟ್ಟರೂ ಅದು ಈ ವ್ಯಾಖ್ಯೆಯೊಳಗೆ ಬೀಳುವಂತಿತ್ತು.

ಎರಡು ವ್ಯಾಜ್ಯಗಳೂ ಸುಪ್ರೀಂ ಕೋರ್ಟಿನಲ್ಲಿ 1957ರ ಏಪ್ರಿಲ್ 9ರಂದು ತೀರ್ಮಾನವಾದವು. ಮುಂಬಯಿ ಕಾಯ್ದೆಯ ವ್ಯಾಜ್ಯದಲ್ಲಿ ಹೈಕೋರ್ಟು ಕಂಪನಿಯ ಪರವಾಗಿ ತೀರ್ಪಿತ್ತಿದ್ದರಿಂದ ಸರ್ಕಾರ ಮೇಲ್ಮನವಿ ಸಲ್ಲಿಸಿತ್ತು. ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರು ಮೇಲ್ಮನವಿಯನ್ನು ಪುರಸ್ಕರಿಸಿದರು. ಪತ್ರಿಕೆ ಬೆಂಗಳೂರಿನದಾದರೂ ಅದು ಹರಡಿದ್ದು ಮುಂಬಯಿಯಲ್ಲಿ, ಶುಲ್ಕ ಕಟ್ಟಿದವರು ಅಲ್ಲಿಯವರು, ಸಂಗ್ರಹ ಕೇಂದ್ರಗಳಿದ್ದದ್ದು ಅಲ್ಲಿಯೇ. ಆದುದರಿಂದ ತೆರಿಗೆ ಹಾಕುವಷ್ಟು ಸಂಬಂಧ ಆ ನೆಲಕ್ಕಿದೆ ಎಂಬುದು ಒಂದು ನಿರ್ಣಯ. ಜೂಜು ವ್ಯಾಪಾರವಲ್ಲ, ಆದುದರಿಂದ ಸಂವಿಧಾನ ವ್ಯಾಪಾರಕ್ಕೆ ಕೊಟ್ಟ ರಕ್ಷಣೆ ಅದಕ್ಕಿಲ್ಲ ಎಂಬುದು ಇನ್ನೊಂದು.

ಈ ಎರಡನೆಯ ನಿರ್ಣಯಕ್ಕೆ ಬರುವ ದಾರಿಯಲ್ಲಿ ತೀರ್ಪು ಋಗ್ವೇದದ ಜೂಜುಗಾರನ ಅಳಲನ್ನೂ ಮಹಾಭಾರತದ ದ್ಯೂತವನ್ನೂ ನೆನೆಯಿತು. ಮನು ಜೂಜನ್ನು ಪೂರ್ತಿ ನಿಷೇಧಿಸಿದನೆಂದೂ, ಬೇರೆ ಸ್ಮೃತಿಕಾರರು ರಾಜನ ಮೇಲ್ವಿಚಾರಣೆಯಲ್ಲಿ, ಪಣದಲ್ಲಿ ರಾಜನಿಗೊಂದು ಪಾಲು ಸಲ್ಲುವಂತೆ, ಅದನ್ನು ಬಿಟ್ಟರೆಂದೂ ಬೃಹಸ್ಪತಿಯ ಆಧಾರದಿಂದ ಹೇಳಿತು. 1948ರ ಕಾಯ್ದೆ ರಾಜನ ಪಾಲಿನ ದಾರಿ. 1955ರದ್ದು ಮನುವಿಗೆ ಹತ್ತಿರವಾದ ದಾರಿ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರ ಭಾಗದಲ್ಲೂ ದ್ಯೂತದ ಪ್ರಕರಣವಿದೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಇದ್ದದ್ದು ಚಾಲುಕ್ಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ. ಅದು ಬೀದರಿನ ಕಡೆಯ ಕಲ್ಯಾಣ, ನಮ್ಮ ಲೋಕಲ್ ರೈಲಿನ ಕಲ್ಯಾಣವಲ್ಲ.

ಆ ದಿನದ ಎರಡನೆಯ ತೀರ್ಪು 1955ರ ಕೇಂದ್ರ ಕಾಯ್ದೆಯ ಕುರಿತಾದದ್ದು. ಬರೆದವರು ನ್ಯಾಯಮೂರ್ತಿ ಟಿ.ಎಲ್. ವೆಂಕಟರಾಮ ಅಯ್ಯರ್. ನಮ್ಮ ಸಂಘಗಳಿಗೆ ಮುಖ್ಯವಾದದ್ದು ಇದೇ. ಕಾಯ್ದೆಯ ಮಾತುಗಳು ಎಲ್ಲ ಒಗಟುಗಳನ್ನೂ ಒಳಗೊಳ್ಳುವಷ್ಟು ಅಗಲವಾಗಿದ್ದರೂ ಅದರ ಉದ್ದೇಶ ಜೂಜಿನ ಸ್ವರೂಪದ ಸ್ಪರ್ಧೆಗಳನ್ನು ತಡೆಯುವುದು ಮಾತ್ರ; ಗೆಲುವು ಗಣನೀಯ ಪ್ರಮಾಣದಲ್ಲಿ ಕೌಶಲವನ್ನು ಅವಲಂಬಿಸಿರುವ ಸ್ಪರ್ಧೆಗಳಿಗೆ ಅದು ಅನ್ವಯಿಸದು ಎಂದು ನ್ಯಾಯಾಲಯ ಗೆರೆ ಎಳೆಯಿತು. ಆ ಗೆರೆಯ ಈಚೆ ಬದಿಯಲ್ಲಿ ನಮ್ಮ ಪದಬಂಧ ಉಳಿದುಕೊಂಡಿತು.

ಹಾಗಾದರೆ ಒಗಟು ಜೂಜಾಗುವುದು ಯಾವಾಗ? ಕನ್ನಡದಲ್ಲೇ ಒಂದು ಉದಾಹರಣೆ ಕಟ್ಟಿ ನೋಡೋಣ. ಸುಳಿವು: ‘ಇದು ಕೈಕೊಟ್ಟರೆ ರೈತ ಕಂಗಾಲು.’ ಎರಡು ಮನೆಗಳು. ಎರಡನೆಯದರಲ್ಲಿ ‘ಳೆ’ ಎಂದು ಮೊದಲೇ ಅಚ್ಚಾಗಿದೆ. ಉತ್ತರ ‘ಮಳೆ’ ಆಗಬಹುದು, ‘ಬೆಳೆ’ಯೂ ಆಗಬಹುದು. ಎರಡೂ ಸರಿ, ಯಾವ ರೈತನನ್ನು ಕೇಳಿದರೂ ಎರಡನ್ನೂ ಒಪ್ಪುತ್ತಾನೆ. ಆದರೆ ಆಯೋಜಕನ ಲಕೋಟೆಯಲ್ಲಿ ಒಂದೇ ಪದವಿದೆ. ಇಂಥ ಹತ್ತು ಸುಳಿವುಗಳಿದ್ದರೆ ಸಾಧ್ಯವಿರುವ ಉತ್ತರಪಟ್ಟಿಗಳು 1,024. ಕನ್ನಡ ಬಲ್ಲವನಿಗೂ ಬಲ್ಲದವನಿಗೂ ಆ 1,024ರಲ್ಲಿ ಒಂದನ್ನು ಆರಿಸುವ ಅದೃಷ್ಟ ಒಂದೇ. ಗೆಲ್ಲಬೇಕೆಂದಿದ್ದರೆ ನಿಘಂಟು ತಿರುವಿ ಫಲವಿಲ್ಲ. ಇನ್ನಷ್ಟು ಪ್ರವೇಶಪತ್ರ, ಇನ್ನಷ್ಟು ಶುಲ್ಕ, ಅಷ್ಟೇ ದಾರಿ. ಹಣದ ಪದಬಂಧದ ಲಾಭವೆಲ್ಲ ಈ ಇಬ್ಬಂದಿಯಲ್ಲೇ ಇತ್ತು. ಸುಳಿವು ಹೆಚ್ಚು ಸ್ಪಷ್ಟವಾದಷ್ಟೂ ಗೆಲ್ಲುವವರು ಹೆಚ್ಚುತ್ತಾರೆ, ಆಯೋಜಕನ ಲಾಭ ಕುಗ್ಗುತ್ತದೆ.

ಈಗ ಅದೇ ಸುಳಿವಿನ ಮೊದಲ ಮನೆಯಿಂದ ಕೆಳಕ್ಕೆ ಇನ್ನೊಂದು ಪದ ಇಳಿಯಲಿ. ಅದರ ಸುಳಿವು ‘ನಂದಿ, ಚಾಮುಂಡಿ ಮೊದಲಾದವು ಇದು’ ಎಂದಿರಲಿ. ‘ಬೆಟ್ಟ’ ಎಂದು ಹೊಳೆದೊಡನೆ ಮೊದಲ ಅಕ್ಷರ ‘ಬೆ’ ಎಂದು ಖಚಿತವಾಗುತ್ತದೆ. ‘ಮಳೆ’ ಬಿದ್ದುಹೋಗಿ ‘ಬೆಳೆ’ ನಿಲ್ಲುತ್ತದೆ. ಊಹೆ ಇಲ್ಲಿ ತರ್ಕವಾಯಿತು. ನ್ಯಾಯಾಲಯ ಕೌಶಲವೆಂದದ್ದು ಇಂಥದನ್ನೇ. ಒಂದು ಪದ ಇನ್ನೊಂದಕ್ಕೆ ಸಾಕ್ಷಿ ನುಡಿಯಬೇಕು.

ಸಾಕ್ಷಿಯ ಈ ಕೆಲಸಕ್ಕೆ ಕನ್ನಡದ ಬರಹ ಹೇಳಿ ಮಾಡಿಸಿದಂತಿದೆ. ಇಂಗ್ಲಿಷಿನ ಮನೆಯಲ್ಲಿ ಕೂರುವುದು 26 ಅಕ್ಷರಗಳಲ್ಲಿ ಒಂದು. ನಮ್ಮಲ್ಲಿ 34 ವ್ಯಂಜನಗಳಿಗೆ 15 ರೂಪಗಳ ಕಾಗುಣಿತವನ್ನು ಲೆಕ್ಕಹಾಕಿದರೇ 510 ಆಗುತ್ತವೆ; ಒತ್ತಕ್ಷರಗಳನ್ನು ಸೇರಿಸಿದರೆ ಸಂಖ್ಯೆ ಇನ್ನೂ ಬಹಳ ಬೆಳೆಯುತ್ತದೆ. ‘ಕರ್ನಾಟಕ’ಕ್ಕೆ ನಾಲ್ಕು ಮನೆ, ‘ಸ್ವಾತಂತ್ರ್ಯ’ಕ್ಕೆ ಮೂರೇ ಮನೆ. ಆದ್ದರಿಂದ ಒಂದು ಮನೆ ತುಂಬಿದರೆ ದೊರೆಯುವ ಸಾಕ್ಷ್ಯ ಬಹಳ ಬಲವಾದದ್ದು. ಕಟ್ಟುವವನಿಗೆ ಕಷ್ಟವೂ ಅಷ್ಟೇ ಹೆಚ್ಚು. ಕೋಲಾರ ಜಿಲ್ಲೆಯಿಂದ ಬಂದ ಅ.ನಾ. ಪ್ರಹ್ಲಾದರಾವ್ ಅವರು ಇಂಥ ಕಷ್ಟವನ್ನು ನಿತ್ಯಕರ್ಮದಂತೆ ನಡೆಸಿ ಹತ್ತಾರು ಸಾವಿರ ಕನ್ನಡ ಪದಬಂಧಗಳನ್ನು ರಚಿಸಿದ್ದಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

ಅಕ್ಷರಗಳನ್ನು ಚೌಕಳಿಯಲ್ಲಿ ಕೂರಿಸುವ ಹವ್ಯಾಸ ನಮಗೆ ನ್ಯೂಯಾರ್ಕಿನಿಂದ ಬರಬೇಕಾಗಿಯೂ ಇರಲಿಲ್ಲ. ದಂಡಿಯ ‘ಕಾವ್ಯಾದರ್ಶ’ದ ಮೂರನೆಯ ಪರಿಚ್ಛೇದ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ಹೇಳುತ್ತದೆ. ದಂಡಿಯನ್ನು ಬಹುಮಟ್ಟಿಗೆ ಅನುಸರಿಸಿದ, 9ನೆಯ ಶತಮಾನದ ‘ಕವಿರಾಜಮಾರ್ಗ’ವೂ ಅಕ್ಷರ ಚಮತ್ಕಾರದ ರಚನೆಗಳಿಗೆ ಜಾಗ ಕೊಟ್ಟಿದೆ. ಪದ್ಮಬಂಧ, ಚಕ್ರಬಂಧ ಎಂಬ ಹೆಸರುಗಳಲ್ಲಿರುವ ‘ಬಂಧ’ವೇ ಪದಬಂಧದಲ್ಲೂ ಕೂತಿದೆ. ವಚನಕಾರರ ಬೆಡಗು, ಮದುವೆಮನೆಯ ಒಡಪು, ಅಜ್ಜಿಯರ ಒಗಟು ಎಲ್ಲವೂ ಈ ಮನೆತನದವೇ. ಇವುಗಳಲ್ಲೆಲ್ಲ ಗೆದ್ದವನಿಗೆ ಸಿಗುತ್ತಿದ್ದುದು ತಲೆದೂಗುವಿಕೆ. ಒಗಟನ್ನು ಬಿಡಿಸಲಾರದವನು ಸೋತೆನೆಂದು ಒಪ್ಪಿ ಉತ್ತರ ಕೇಳುತ್ತಿದ್ದ. ಹಾಗೆ ಸೋತವನೂ ಒಂದು ಹೊಸ ಮಾತನ್ನು ಕಲಿತು ಎದ್ದುಹೋಗುತ್ತಿದ್ದ. ಹಣದ ಸ್ಪರ್ಧೆಯಲ್ಲಿ ಸೋತವನಿಗೆ ಉಳಿಯುವುದು ಶುಲ್ಕದ ರಸೀದಿ ಮಾತ್ರ.

ಇನ್ನು ಪೊಲೀಸರ ಮಾತು. ಹಣದ ಪದಬಂಧವನ್ನು ಹುಡುಕಿ ಹಿಡಿಯುವ ಕಾಯ್ದೆ ಒಂದಾದರೆ, ಪೊಲೀಸರೇ ಯಾವ ಬಗೆಯ ಸಂಘ ಕಟ್ಟಬಹುದೆಂದು ಹೇಳುವ ಕಾಯ್ದೆ ಇನ್ನೊಂದು. 1966ರ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆಯಂತೆ ಪೊಲೀಸರು ಅನುಮತಿಯಿಲ್ಲದೆ ಕಾರ್ಮಿಕ ಸಂಘ ಸೇರುವಂತಿಲ್ಲ. ಪಡೆಯ ಮಾನ್ಯತೆಯಿಲ್ಲದ ಬೇರೆ ಸಂಸ್ಥೆಗಳಲ್ಲಿ ಅವರು ಸದಸ್ಯರಾಗಬಹುದಾದದ್ದು ಅವು ಕೇವಲ ಸಾಮಾಜಿಕ, ಮನರಂಜನೆಯ ಅಥವಾ ಧಾರ್ಮಿಕ ಸ್ವರೂಪದವಾಗಿದ್ದರೆ ಮಾತ್ರ. ಮುಂಬಯಿಯಲ್ಲಿ ಈ ಗೆರೆ ಎಷ್ಟು ಗಟ್ಟಿಯೆಂಬುದು 1982ರ ಆಗಸ್ಟ್‌ನಲ್ಲಿ ಕಂಡಿತು. ಪೊಲೀಸ್ ನೌಕರರ ಸಂಘಟನೆಯ ಮಾನ್ಯತೆಯನ್ನು ಸರ್ಕಾರ ರದ್ದುಗೊಳಿಸಿತು, ಮುಂದಾಳುಗಳ ಬಂಧನವಾಯಿತು. 18ರಂದು ಪೊಲೀಸರು ಬೀದಿಗಿಳಿದರು, ನಗರಕ್ಕೆ ಸೈನ್ಯ ಬಂತು. ಆಗ ಥಾಣೆಗೆ ಪ್ರತ್ಯೇಕ ಪೊಲೀಸ್ ಕಮಿಷನರೇಟ್ ಬಂದು ಒಂದೇ ವರ್ಷವಾಗಿತ್ತು; ಡೊಂಬಿವಲಿ, ಕಲ್ಯಾಣಗಳು ಅದರೊಳಗಿವೆ. ನವಿ ಮುಂಬಯಿಯ ಕಮಿಷನರೇಟ್ ಬಂದದ್ದು 1994ರಲ್ಲಿ.

ಈ ಎರಡು ಕಾಯ್ದೆಗಳನ್ನು ಒಟ್ಟಿಗಿಟ್ಟು ನೋಡಿದರೆ ಕುತೂಹಲದ ಸಂಗತಿಯೊಂದು ಕಾಣುತ್ತದೆ. ಪೊಲೀಸರ ಸಂಘವೊಂದು ತನ್ನ ಸದಸ್ಯರಿಗೆ ಒಗಟಿನ ಸ್ಪರ್ಧೆಯಿಟ್ಟು ಗೆದ್ದವರಿಗೆ ಪುಸ್ತಕ ಕೊಟ್ಟರೆ, ಅದು ಎರಡೂ ಗೆರೆಗಳ ಒಳಗೆ ನಿಶ್ಚಿಂತೆಯಿಂದ ನಿಲ್ಲುತ್ತದೆ. ಬೇಡಿಕೆಯ ಮಾತಿಲ್ಲದುದರಿಂದ ಮನರಂಜನೆ, ಪಣವಿಲ್ಲದುದರಿಂದ ಜೂಜಲ್ಲ. ಜೊತೆಗೆ ಅದು ವೃತ್ತಿಗೆ ಒಪ್ಪುವ ಆಟವೂ ಹೌದು. ಸುಳಿವನ್ನು ಓದುವುದು, ಎರಡು ಸಾಧ್ಯತೆಗಳನ್ನು ಎದುರಿಗಿಟ್ಟುಕೊಳ್ಳುವುದು, ಇನ್ನೊಂದು ಸಾಕ್ಷ್ಯ ಅಡ್ಡ ಹಾಯುವವರೆಗೆ ತೀರ್ಮಾನವನ್ನು ತಡೆಹಿಡಿಯುವುದು ತನಿಖೆಯ ಕ್ರಮವೇ ಅಲ್ಲವೆ? 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’ ತನ್ನ ಕಚೇರಿಯಲ್ಲಿ ಹನ್ನೆರಡು ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಕೆಲವು ವಾರಗಳಲ್ಲಿ ಅದರಲ್ಲಿ ಚುರುಕೆನಿಸಿಕೊಂಡವರಲ್ಲಿ ಕೆಲವರಿಗೆ ಸೇನಾ ಇಲಾಖೆಯಿಂದ ಕಾಗದ ಬಂತು. ಅವರು ಬ್ಲೆಚ್ಲಿ ಪಾರ್ಕಿನಲ್ಲಿ ಶತ್ರುವಿನ ಗೂಢಲಿಪಿ ಒಡೆಯುವ ಕೆಲಸಕ್ಕೆ ಸೇರಿದರು. ಒಗಟು ಬಿಡಿಸುವವನನ್ನು ಸರ್ಕಾರ ಒಂದು ಕಡೆ ಜೂಜುಗಾರನೆಂದು ಶಂಕಿಸುತ್ತದೆ, ಇನ್ನೊಂದು ಕಡೆ ಕೆಲಸಕ್ಕೆ ಕರೆಯುತ್ತದೆ. ವ್ಯತ್ಯಾಸವಿರುವುದು ಒಗಟನ್ನು ಕಟ್ಟಿದ ಬಗೆಯಲ್ಲಿ ಮತ್ತು ಕೊಡುವ ಬಹುಮಾನದಲ್ಲಿ.

1957ರ ಗೆರೆ ಅರ್ಧ ಶತಮಾನಕ್ಕೂ ಮಿಕ್ಕಿ ಬಾಳಿತು. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ವ್ಯಾಜ್ಯದಲ್ಲಿ ರಮ್ಮಿ ಬಹುಮಟ್ಟಿಗೆ ಕೌಶಲದ ಆಟವೆಂದು ಸುಪ್ರೀಂ ಕೋರ್ಟು ಹೇಳಿತು. ಕರ್ನಾಟಕ ಸರ್ಕಾರ 2021ರಲ್ಲಿ ತನ್ನ ಪೊಲೀಸ್ ಕಾಯ್ದೆಯನ್ನು ತಿದ್ದಿ ಆನ್‌ಲೈನಿನ ಹಣದ ಆಟಗಳನ್ನು ನಿಷೇಧಿಸಿದಾಗ, ಕೌಶಲದ ಆಟವನ್ನು ಜೂಜಿನೊಡನೆ ಕಟ್ಟಲಾಗದೆಂದು ಅಲ್ಲಿಯ ಹೈಕೋರ್ಟು 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯನ್ನು ರದ್ದುಮಾಡಿತು. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟವೆಲ್ಲವನ್ನೂ ನಿಷೇಧಿಸಿತು. ಕೌಶಲವೋ ಅಲ್ಲವೋ ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ ಪಣವಿದೆಯೋ ಇಲ್ಲವೋ ಎಂಬ ಪ್ರಶ್ನೆ ಬಂದು ಕೂತಿತು.

ಕಲ್ಯಾಣದಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್‌ವರೆಗೆ ಸುಮಾರು 54 ಕಿಲೋಮೀಟರ್. ಆ ದಾರಿಯಲ್ಲಿ ನಿತ್ಯ ಓಡಾಡುವ ನಮ್ಮವರ ಕೈಯಲ್ಲಿ ಹಿಂದೆ ಮಡಿಸಿದ ಪತ್ರಿಕೆ ಇರುತ್ತಿತ್ತು. ಇಂದು ಮೊಬೈಲ್ ಇದೆ. ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡ ಮಾತಾಡಬಲ್ಲರು, ಓದಲಾರರು. ಅಂಥ ಮಗುವಿಗೆ ಪದಬಂಧವು ಕಾಗುಣಿತವನ್ನು ಮನೆಮನೆಯಾಗಿ ಕಲಿಸುವ ಸಾಧನವಾಗಬಲ್ಲದು. ಆದರೆ ಆ ಮಗು ಗೆದ್ದಾಗ ನಾವು ಕೊಡುವ ಪುಸ್ತಕ ಅದು ಓದಲಾರದ ದಪ್ಪ ಕಾದಂಬರಿಯಾದರೆ, ಅಥವಾ ಸಂಘದ ಕಪಾಟಿನಲ್ಲಿ ಮಿಕ್ಕ ಹಳೆಯ ಸ್ಮರಣಸಂಚಿಕೆಯಾದರೆ, ಬಹುಮಾನ ಕಟ್ಟು ಬಿಚ್ಚದೆ ಅಟ್ಟ ಸೇರುತ್ತದೆ. ಆಗ ಪುಸ್ತಕದ ಬಹುಮಾನ ನಿಜವಾಗಿಯೂ ಬಡತನದ ಗುರುತೇ ಆಗಿಬಿಡುತ್ತದೆ.

ಆದ್ದರಿಂದ ಸ್ಪರ್ಧೆ ನಡೆಸುವ ಗೆಳೆಯರಲ್ಲಿ ಮೂರು ಮಾತಿನ ಅರಿಕೆ. ಪ್ರವೇಶಕ್ಕೆ ಶುಲ್ಕ ಬೇಡ. ‘ಮಳೆ’ಯೋ ‘ಬೆಳೆ’ಯೋ ಎಂಬ ಇಬ್ಬಂದಿಯ ಸುಳಿವು ಬಂದರೆ ಅದನ್ನು ಅಡ್ಡ ಹಾಯುವ ಇನ್ನೊಂದು ಪದವನ್ನು ಕೊಡಿ, ಆಗಲಿಲ್ಲವಾದರೆ ಎರಡೂ ಉತ್ತರಗಳನ್ನು ಸರಿಯೆಂದು ಒಪ್ಪಿ. ಗೆದ್ದವರನ್ನು ಪುಸ್ತಕಗಳಿಟ್ಟ ಮೇಜಿನ ಬಳಿಗೆ ಕರೆದೊಯ್ದು ತಮಗೆ ಬೇಕಾದುದನ್ನು ತಾವೇ ಆರಿಸಿಕೊಳ್ಳಲು ಬಿಡಿ. ಆ ಮೇಜಿನ ಮೇಲೆ ದೊಡ್ಡ ಅಕ್ಷರದ, ಚಿತ್ರಗಳಿರುವ, ಮೊದಲ ಬಾರಿ ಕನ್ನಡ ಓದುವವರಿಗೆ ತಕ್ಕ ಪುಸ್ತಕಗಳೂ ಇರಲಿ.